ಚುಕ್ಕಿಯ ಕೆಳಗೆ

ಕೀಲಿಮಣೆಯನ್ನು ಬೋರಲು ಹಾಕಿ ಬೆನ್ನಿಗೆ ಎರಡು ಸಲ ತಟ್ಟಿದಾಗ, ಕೆಳಗೆ ಹಾಸಿದ್ದ ಬಿಳಿ ಹಾಳೆಯ ಮೇಲೆ ಉದುರಿದ್ದನ್ನು ನೋಡಿ ಅವಳು ಮುಖ ತಿರುಗಿಸಿದಳು. ತಿರುಗಿಸಿದ ಮುಖವನ್ನು ಮತ್ತೆ ಅಲ್ಲಿಗೇ ತಂದಳು. ಬ್ರೆಡ್ಡಿನ ಪುಡಿ, ಸುರುಳಿ ಸುತ್ತಿಕೊಂಡ ಗೇಣುದ್ದದ ಒಂದು ಕೂದಲು, ಬೂದು ಬಣ್ಣದ ನೂಲಿನೆಳೆ, ಮತ್ತೆ ಹೊಟ್ಟಿನ ಹಾಗೆ ತೆಳ್ಳಗಿನ, ಉಸಿರು ತಾಗಿದರೆ ಹಾರುವಂಥ, ಏನೆಂದು ಹೇಳಲಾಗದ, ಆದರೆ ಮನುಷ್ಯರ ಮೈಯಿಂದಲೇ ಬಂದಿರಬೇಕಾದ ಪುಡಿ. ಕಣದಲ್ಲಿ ರಾಶಿ ತೂರಿ ಕಾಳು ಮನೆಯೊಳಗೆ ಹೋದ ಮೇಲೆ ಮೂಲೆಯಲ್ಲಿ ಉಳಿಯುತ್ತಿದ್ದ ಕಸ ನೆನಪಾಯಿತು. ಆ ಕಸಕ್ಕೆ ಬಿಸಿಲಿನ ವಾಸನೆ ಇರುತ್ತಿತ್ತು, ಕೋಳಿಗಳು ಬಂದು ಕೆದಕುತ್ತಿದ್ದವು. ಇದನ್ನು ಕೋಳಿಯೂ ಮೂಸುವುದಿಲ್ಲ. ಹಾಳೆಯ ನಾಲ್ಕು ಮೂಲೆ ಹಿಡಿದು ಮಡಚಿ ಬುಟ್ಟಿಗೆ ಹಾಕಿದಳು. ಹೇಗೆ ಬದುಕುತ್ತಾಳೋ ಏನೋ, ಎಂದುಕೊಂಡಳು. ಅದೆಲ್ಲ ಸಂಜೆಯವಳದು ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಆಸ್ಪತ್ರೆಯ ನೆಲಮಹಡಿಯಲ್ಲಿ, ಹಳೆಯ ಕಡತಗಳ ಗೋದಾಮಿನ ಪಕ್ಕ, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಇದ್ದದ್ದು ಒಂದು ಮೇಜು, ಒಂದು ಕುರ್ಚಿ, ಒಂದು ಕಂಪ್ಯೂಟರ್. ವೈದ್ಯರು ರೋಗಿಗಳನ್ನು ನೋಡಿದ ಮೇಲೆ ಪುಟ್ಟ ಯಂತ್ರದೊಳಗೆ ಗೊಣಗಿಟ್ಟ ಮಾತುಗಳನ್ನು ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳುವುದು, ಕಾಲಡಿಯ ಪೆಡಲು ಒತ್ತಿ ಮಾತನ್ನು ನಿಲ್ಲಿಸುವುದು, ಹಿಂದಕ್ಕೆಳೆಯುವುದು, ಕೇಳಿದ್ದನ್ನು ಬೆರಳಚ್ಚು ಮಾಡಿ ವಾರ್ಡಿಗೆ ಕಳಿಸುವುದು, ಇದು ಕೆಲಸ. ಎಂಟರಿಂದ ಎರಡರವರೆಗೆ ಅವಳು, ಎರಡರಿಂದ ರಾತ್ರಿ ಎಂಟರವರೆಗೆ ಇನ್ನೊಬ್ಬಳು. ಆಸ್ಪತ್ರೆಯಲ್ಲಿ ಇವರಿಬ್ಬರ ಹೆಸರು ಯಾರ ನಾಲಿಗೆಗೂ ಬರುತ್ತಿರಲಿಲ್ಲ. ಬೆಳಗಿನವರು, ಸಂಜೆಯವರು. ವಾರ್ಡಿನಿಂದ ಫೋನು ಬಂದರೂ ಅಷ್ಟೆ, ‘ಬೆಳಗಿನವರಾ, ಸಂಜೆಯವರಾ?’ ಎಂದು ಕೇಳಿಯೇ ಮುಂದಿನ ಮಾತು. ಆರು ವರ್ಷದಿಂದ ಒಂದೇ ಮೇಜಿನಲ್ಲಿ ದುಡಿದರೂ ಇಬ್ಬರೂ ಎದುರೆದುರು ಇರುತ್ತಿದ್ದದ್ದು ಎರಡು ಗಂಟೆಯ ಆಚೆ ಈಚೆ ಐದು ನಿಮಿಷ. ಉಳಿದಂತೆ ಇವಳು ಅವಳನ್ನು ಅವಳು ಬಿಟ್ಟುಹೋದ ಗುರುತುಗಳಿಂದಲೇ ಬಲ್ಲಳು: ತಗ್ಗಿಸಿಟ್ಟ ಕುರ್ಚಿ, ಮೇಜಿನ ಅಂಚಿಗೆ ದೂಡಿದ ಪೆಡಲು, ಮತ್ತೆ ಕೀಲಿಗಳ ಮೇಲಿನ ಆ ಹೊಳಪು. ಆ ಹೊಳಪೇ ಅವಳಿಗೆ ಆಗದು. ಬೆಳಿಗ್ಗೆ ಬಂದು ದೀಪ ಹಾಕಿದ ಕೂಡಲೇ ಕೀಲಿಗಳು ಮೀಯಿಸಿದ ಎಮ್ಮೆಯ ಬೆನ್ನಿನ ಹಾಗೆ ಮಿರುಗುತ್ತಿದ್ದವು. ಬೆರಳಿನ ಜಿಡ್ಡು, ಎಂದು ಅವಳ ಲೆಕ್ಕ. ಆ ಜಿಡ್ಡಿನ ಮೇಲೆ ತನ್ನ ಬೆರಳಿಡಬೇಕು, ಆರು ಗಂಟೆ ಹೊತ್ತು. ಹಾಗೆ ನೆನೆಯುವಾಗ ಅವಳ ಬಲಗೈಯ ಕಿರುಬೆರಳು ತಾನಾಗಿ ಬಾಯಿಗೆ ಹೋಗುತ್ತಿತ್ತು. ಉಗುರಿಗೆ ಬಳಿದ ಕಹಿ ಎಣ್ಣೆ ನಾಲಿಗೆಗೆ ತಾಗುತ್ತಿತ್ತು. ಉಗುರು ಕಚ್ಚುವ ಚಟ ಬಿಡಿಸಲೆಂದು ಗಂಡ ತಂದುಕೊಟ್ಟ ಶೀಶೆ ಅದು. ಮೊದಲ ವಾರ ಉಗಿದಳು. ಎರಡನೆಯ ವಾರದಿಂದ ಕಹಿಗೂ ಬಾಯಿ ಒಗ್ಗಿತು.

ಬಲಭುಜದ ನೋವು ಶುರುವಾಗಿ ಎಂಟು ತಿಂಗಳಾಗಿತ್ತು. ಮೇಲಿನ ಮಹಡಿಯ ಮೂಳೆ ವೈದ್ಯರು, ಯಾರ ಗೊಣಗಾಟವನ್ನು ಅವಳು ವರ್ಷಗಟ್ಟಲೆ ಬೆರಳಚ್ಚು ಮಾಡಿದ್ದಳೋ ಅವರೇ, ಅವಳ ತೋಳನ್ನು ಎತ್ತಿ ಇಳಿಸಿ, ‘ಕೀಬೋರ್ಡು ಅಗಲ ಇದೆ, ಮೌಸ್ ಹಿಡಿಯೋಕೆ ನೀವು ದಿನಕ್ಕೆ ಸಾವಿರ ಸಲ ಕೈ ಆಚೆ ಚಾಚ್ತೀರಿ, ಚಿಕ್ಕದು, ಒಳ್ಳೇದು, ಮೆತ್ತಗಿರೋದು ಬೇಕು’ ಎಂದು ಚೀಟಿ ಬರೆದರು. ಚೀಟಿ ಹಿಡಿದು ಮೇಲ್ವಿಚಾರಕರ ಹತ್ತಿರ ಹೋದಳು. ಅವರನ್ನು ಹಿಂದಿನಿಂದ ಎಲ್ಲರೂ ಗೆರೆ ಸಾಹೇಬರು ಎನ್ನುತ್ತಿದ್ದರು. ವರದಿಯಲ್ಲಿ ತಪ್ಪು ಸಿಕ್ಕಿದರೆ ಅವರ ಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಕೆಂಪು ಗೆರೆ ಬೀಳುತ್ತಿತ್ತು. ಒಂದೇ ತಿಂಗಳಲ್ಲಿ ಮೂರು ಬಿದ್ದರೆ ಮುಂದಿನ ತಿಂಗಳು ಬರುವುದು ಬೇಡ. ಗೆರೆ ಸಾಹೇಬರು ಚೀಟಿಯನ್ನು ಎರಡು ಸಲ ಓದಿ, ‘ಆಗಲಿ. ಆದ್ರೆ ಮೇಜು ಇಬ್ಬರದು, ಕೀಬೋರ್ಡು ಒಂದು. ಇಬ್ಬರೂ ಅಂಗಡಿಗೆ ಹೋಗಿ, ಕೈಯಿಟ್ಟು ನೋಡಿ, ಒಂದು ಆರಿಸ್ಕೊಂಡು ಬನ್ನಿ. ಆಮೇಲೆ ನಂಗೆ ಹಿಡಿಸಲ್ಲ, ಅವಳಿಗೆ ಹಿಡಿಸಲ್ಲ ಅಂತ ನನ್ನ ತಲೆ ತಿನ್ನಬೇಡಿ. ನನ್ನ ತಲೆಯಲ್ಲಿ ಉಳಿದಿರೋದೇ ನಾಲ್ಕು ಕೂದಲು,’ ಎಂದಿದ್ದರು. ಅದು ಹೋದ ವಾರ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಸಂಜೆಯವಳು ಬೇಗ ಬರುವುದು, ಇಬ್ಬರೂ ಹೋಗಿ ಎರಡರೊಳಗೆ ವಾಪಸಾಗುವುದು ಎಂದಾಗಿತ್ತು. ಇವತ್ತೇ ಎರಡು ಗಂಟೆಗೆ ಸಾಹೇಬರ ಪಟ್ಟಿಯೂ ಮೇಲಕ್ಕೆ ಹೋಗುವುದಿತ್ತು. ಆ ಪಟ್ಟಿಯಲ್ಲಿ ಸಂಜೆಯವಳ ಹೆಸರಿನ ಮುಂದೆ ಎರಡು ಗೆರೆ ಬಿದ್ದಾಗಿತ್ತು. ಮೂರನೆಯದನ್ನು ಪೆನ್ಸಿಲಿನಲ್ಲಿ ಎಳೆದಿಟ್ಟಿದ್ದರು.

ಮೂರನೆಯದು ಒಂದು ಚುಕ್ಕಿ. ಎರಡು ಪಾಯಿಂಟ್ ಐದು ಎಂದು ಹೋಗಬೇಕಾದ ಮಾತ್ರೆಯ ಅಳತೆ ಇಪ್ಪತ್ತೈದು ಎಂದು ಹೋಗಿತ್ತು. ಔಷಧಿಯವನು ಹುಬ್ಬು ಗಂಟಿಕ್ಕಿ ವಾರ್ಡಿಗೆ ಫೋನು ಮಾಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲ, ಎಂದು ಇವಳು ಒಂಬತ್ತು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಲ್ಲುಜ್ಜುವಾಗ, ಬಸ್ಸಿಗೆ ನಿಂತಾಗ, ಗಂಡ ಏನೋ ಕೇಳಿ ಉತ್ತರಕ್ಕೆ ಕಾಯುತ್ತಿರುವಾಗ. ಆ ವರದಿಯ ವೈದ್ಯರು ಪ್ರತಿ ವಾಕ್ಯಕ್ಕೂ ಮೊದಲು ಕೆಮ್ಮುವವರು. ಎರಡು, ಕೆಮ್ಮು, ಪಾಯಿಂಟ್ ಐದು. ಆ ಕೆಮ್ಮು ಇವಳ ಕಿವಿಯಲ್ಲಿತ್ತು. ಯಾಕೆಂದರೆ ಆ ದಿನ ಸಂಜೆಯವಳು ಬಂದು ತನ್ನ ಹೆಸರಿನಲ್ಲಿ ಕಂಪ್ಯೂಟರ್ ತೆರೆದು ಕೂರುತ್ತಿದ್ದ ಹಾಗೇ ಅವಳಿಗೆ ಮನೆಯಿಂದ ಫೋನು ಬಂದಿತ್ತು. ‘ಅಕ್ಕ, ಐದೇ ನಿಮಿಷ ಕೈಬದಲು ಮಾಡ್ತೀರಾ?’ ಎಂದು ಹೊರಗೆ ಓಡಿದ್ದಳು. ಕೈಬದಲು ಎಂದರೆ ಸರದಿ ನಿಲ್ಲದ ಹಾಗೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಂದೆರಡು ವರದಿ ಮುಗಿಸಿಕೊಡುವುದು. ಅದು ಆ ಕೋಣೆಯ ಪದ್ಧತಿ, ಗೆರೆ ಸಾಹೇಬರಿಗೂ ಗೊತ್ತಿದ್ದದ್ದೇ. ಇವಳು ಚೀಲ ಹೆಗಲಿಗೆ ಹಾಕಿಕೊಂಡೇ ಕುರ್ಚಿಯ ತುದಿಯಲ್ಲಿ ಕೂತು ಸಿಡುಕಿಕೊಂಡು ಒಂದು ವರದಿ ಹೊಡೆದಳು. ಚುಕ್ಕಿಯ ಕೀಲಿ ಅಂಟುತ್ತಿತ್ತು. ವಾರದಿಂದ ಅಂಟುತ್ತಿತ್ತು. ಒತ್ತಿದರೆ ಕೆಸರಿನಲ್ಲಿ ಕಾಲಿಟ್ಟ ಹಾಗೆ ಒಳಗೇ ಉಳಿದು, ಮನಸ್ಸಾದರೆ ಬೀಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅಲ್ಲಿಗೆ ತಪ್ಪು ಯಾರದು? ಕೀಲಿಯದು. ಕೀಲಿಯ ಕೆಳಗೆ ಕೊಳೆ ತುಂಬಿದ್ದು ಯಾರಿಂದ? ಆ ಜಿಡ್ಡಿನವಳಿಂದ. ಹೀಗೆ ಸುತ್ತಿ ಬಂದು ಗೆರೆ ಬೀಳಬೇಕಾದ ಹೆಸರಿನ ಮುಂದೆಯೇ ಬಿದ್ದಿತ್ತು. ಈ ಸುತ್ತನ್ನು ಇವಳು ಒಂಬತ್ತು ದಿನದಲ್ಲಿ ಎಷ್ಟು ಸಲ ಹಾಕಿದ್ದಳೋ, ಗಾಣದ ಎತ್ತಿನ ಹಾಗೆ. ಪ್ರತಿ ಸಲವೂ ಕೊನೆಗೆ ಬಾಯಿ ಕಹಿಯಾಗುತ್ತಿತ್ತು.

ಅಂಗಡಿ ಎರಡು ಬೀದಿ ಆಚೆ. ಇಬ್ಬರೂ ಜೊತೆಯಾಗಿ ನಡೆಯುವುದು ಅದೇ ಮೊದಲು. ಸಂಜೆಯವಳು ಹಗಲು ಬೆಳಕಿನಲ್ಲಿ ಇವಳು ನೆನೆದದ್ದಕ್ಕಿಂತ ಗಿಡ್ಡ, ಕಾಲುದಾರಿಯ ಮೇಲೆ ಪುಟುಪುಟು ನಡೆಯುತ್ತ ಇವಳ ಹೆಜ್ಜೆಗೆ ಸರಿಹೊಂದಲು ಆಗಾಗ ಓಡುತ್ತಿದ್ದಳು. ಇವಳು ನಿಧಾನ ಮಾಡಲಿಲ್ಲ.

‘ಕೈ ತುಂಬಾ ನೋಯುತ್ತಾ ಅಕ್ಕ?’

‘ನೋಯದೆ ಇದ್ರೆ ಈ ಬಿಸಿಲಲ್ಲಿ ಬರ್ತಿದ್ನಾ?’

‘ಅದೂ ಸರಿನೇ,’ ಎಂದು ಸಂಜೆಯವಳು ನಕ್ಕಳು. ಸ್ವಲ್ಪ ದೂರ ಹೋದ ಮೇಲೆ, ‘ನಮ್ಮತ್ತೆಗೆ ಒಂದು ಕಣ್ಣಿನ ಆಪರೇಷನ್ ಆಯ್ತಲ್ಲ, ಅವತ್ತು ಫೋನು ಬಂದಿತ್ತು ನೋಡಿ, ಕಣ್ಣಿಗೆ ಕಟ್ಟಿದ್ದ ಪಟ್ಟಿ ತಾವೇ ಕಿತ್ತು ಹಾಕ್ಕೊಂಡಿದ್ರು. ಈಗ ಕಾಣ್ಸುತ್ತೆ. ಕಂಡಿದ್ದೇ ಕಷ್ಟ ಆಗಿದೆ. ಮನೆ ಇಷ್ಟು ಗಲೀಜು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ, ಕುರುಡೇ ವಾಸಿಯಾಗಿತ್ತು ಅಂತಾರೆ.’

ಇವಳಿಗೆ ನಗು ಬಂತು, ತಡೆದುಕೊಂಡಳು. ‘ಇನ್ನೊಂದು ಕಣ್ಣು?’

‘ಬರೋ ತಿಂಗಳು ಅಂತ ಬರೆದಿದಾರೆ. ನೌಕರರ ಮನೆಯವರಿಗೆ ಮಾತ್ರ ಅಲ್ವಾ ನಮ್ಮಲ್ಲಿ ಪುಕ್ಕಟೆ ಮಾಡೋದು.’ ಸಂಜೆಯವಳು ಮುಂದೆ ನೋಡಿಕೊಂಡು ಹೇಳಿದಳು. ‘ಆ ಮೂರನೇ ಗೆರೆ ಗಟ್ಟಿಯಾದ್ರೆ ಬರೋ ತಿಂಗಳು ನಾನು ನೌಕರಿಯಲ್ಲೇ ಇರಲ್ಲ. ಎಷ್ಟು ಯೋಚನೆ ಮಾಡಿದ್ರೂ ಆ ವರದಿ ನೆನಪಾಗಲ್ಲ ಅಕ್ಕ ನಂಗೆ. ದಿನಕ್ಕೆ ಅರವತ್ತು ಹೊಡೀತೀವಿ. ಎಡಗಾಲು ಅನ್ನೋ ಕಡೆ ಬಲಗಾಲು ಅಂತ ಬಿದ್ದದ್ದು ನಂದೇ, ಒಪ್ಕೊಂಡೆ. ಒಂದು ಸಾಲು ಬಿಟ್ಟಿದ್ದೂ ನಂದೇ. ಆದ್ರೆ ಅಂಕಿ ನಾನು ತಪ್ಪಲ್ಲ. ತಪ್ಪಲ್ಲ ಅಂದ್ಕೊಂಡಿದ್ದೆ. ಹೆಸರು ನಂದೇ ಇದೆ, ಇನ್ನೇನು ಮಾತಾಡೋದು.’

ಈಗ ಹೇಳಬಹುದಿತ್ತು. ಎದುರಿನಿಂದ ತರಕಾರಿಯ ಕೈಗಾಡಿ ಬಂತು, ಇಬ್ಬರೂ ಆ ಬದಿ ಈ ಬದಿ ಸರಿದರು. ಗಾಡಿಯ ತುದಿಯಲ್ಲಿ ಕೊಳೆತ ಎಲೆಗಳ ರಸ ತೊಟ್ಟಿಕ್ಕುತ್ತಿತ್ತು. ಇವಳ ತವರಿನ ಹಟ್ಟಿಯಲ್ಲಿ ಎರಡು ಮನೆಗೆ ಒಂದೇ ಹಾಲು ಕರೆಯುವ ಪಾತ್ರೆ ಇತ್ತು, ಬೆಳಿಗ್ಗೆ ಅಮ್ಮನಿಗೆ, ಸಂಜೆ ಚಿಕ್ಕಮ್ಮನಿಗೆ. ಒಂದು ಬೇಸಿಗೆಯಲ್ಲಿ ಮೂರು ದಿನ ಹಾಲು ಒಡೆಯಿತು. ‘ಅವಳು ತೊಳೆದರೆ ತಾನೆ, ಮೂಗು ಮುಚ್ಚಿಕೊಂಡು ಕರೆಯಬೇಕು ಆ ಪಾತ್ರೆಗೆ,’ ಎಂದು ಅಮ್ಮ ಬಾವಿಯ ಹತ್ತಿರ ನಾಲ್ಕು ಜನ ಕೇಳುವ ಹಾಗೆ ಹೇಳಿದಳು. ಚಿಕ್ಕಮ್ಮ ಬೂದಿ ತಂದು ಇಡೀ ಮಧ್ಯಾಹ್ನ ಪಾತ್ರೆ ತಿಕ್ಕಿದಳು. ಏಳು ವರ್ಷದ ಇವಳು ಗೊಂತಿನ ಹಿಂದೆ ಕೂತು ನೋಡುತ್ತಿದ್ದಳು. ದಿನಾ ಬೆಳಿಗ್ಗೆ ಅಮ್ಮ ಕರು ಬಿಡಲು ತಿರುಗಿದಾಗ ಬೆಚ್ಚಗಿನ ನೊರೆಗೆ ಬೆರಳದ್ದಿ ಚೀಪುತ್ತಿದ್ದವಳು ಇವಳೇ. ಹಸುವಿನ ಕಿವಿಯಿಂದ ಉಣ್ಣೆಹುಳ ಕಿತ್ತ ಬೆರಳು, ಬಾಯಲ್ಲಿ ಕಚ್ಚಿದ ಬೆರಳು. ಹಾಲು ಅದರಿಂದಲೇ ಒಡೆಯಿತು ಎಂದೇನೂ ಅಲ್ಲ. ಬಿಸಿಲಿಗೂ ಒಡೆದಿರಬಹುದು. ಆದರೆ ಚಿಕ್ಕಮ್ಮನ ಕೈ ಬೂದಿಗೆ ಸೀಳಿತ್ತು, ಮತ್ತು ಇವಳಿಗೆ ಚಿಕ್ಕಮ್ಮನ ಆ ಸೀಳಿದ ಕೈಯನ್ನು ಕಂಡರೆ ಆಮೇಲೆ ಎಷ್ಟೋ ವರ್ಷ ಹೇಸಿಗೆಯಾಗುತ್ತಿತ್ತು. ‘ಬಂತು ಅಕ್ಕ, ಇದೇ ಅಲ್ವಾ?’ ಎಂದಳು ಸಂಜೆಯವಳು.

ಅಂಗಡಿಯವನು ದಪ್ಪನೆಯ ಮನುಷ್ಯ. ಗಾಜಿನ ಮೇಜಿನ ಮೇಲೆ ಕೀಲಿಮಣೆಗಳನ್ನು ಒಂದರ ಪಕ್ಕ ಒಂದು ಮಲಗಿಸಿ, ಪ್ರತಿಯೊಂದರ ಮೇಲೂ ಬಾಗಿ ಉಫ್ ಎಂದು ಊದಿ ಧೂಳು ಹಾರಿಸುತ್ತಿದ್ದ. ಊದುವಾಗ ಎಂಜಲಿನ ಸಣ್ಣ ಹನಿ ಬೆಳಕಿನಲ್ಲಿ ಹಾರಿದ್ದು ಅವಳಿಗೆ ಕಂಡಿತು. ಅದೇ ಕೀಲಿಯ ಮೇಲೆ ಕೈಯಿಡಬೇಕು. ‘ಮುಟ್ಟಿ, ಸಂಕೋಚ ಬೇಡ. ಇದು ಗಟ್ಟಿ ಒತ್ತು, ಸಿಟ್ಟು ಜಾಸ್ತಿ ಇರೋರಿಗೆ. ಇದು ಟಕಟಕ ಅನ್ನುತ್ತೆ, ಕೆಲಸ ಮಾಡ್ತಿದೀವಿ ಅಂತ ಪಕ್ಕದವರಿಗೆ ಗೊತ್ತಾಗಬೇಕು ಅನ್ನೋರು ತಗೊಳ್ತಾರೆ. ಇದು ಮೆತ್ತಗೆ, ಸದ್ದಿಲ್ಲ, ಬೆರಳು ಇಟ್ರೆ ಸಾಕು.’ ಅವನು ವೈದ್ಯರ ಚೀಟಿ ಓದಿ ಮೆತ್ತಗಿನದನ್ನು ಇವಳತ್ತ ಸರಿಸಿದ. ಚಿಕ್ಕದು, ಬೂದು ಬಣ್ಣದ್ದು, ಅಕ್ಷರಗಳು ಮತ್ತು ಮೇಲೆ ಅಂಕಿಗಳ ಒಂದು ಸಾಲು, ಅಷ್ಟೇ. ಬಲಗಡೆ ಚಾಚಿಕೊಂಡಿರುವ ಅಂಕಿಗಳ ಚೌಕ ಇರಲಿಲ್ಲ. ‘ಪೂರ್ತಿ ಅಳತೆದು ಬೇಕಾದ್ರೆ ಇದೂ ಇದೆ, ಇದೇ ಒತ್ತು. ಅಂಕಿ, ಚುಕ್ಕಿ, ಕೂಡೋದು, ಕಳೆಯೋದು, ಎಲ್ಲಾ ಬಲಗಡೆ ಒಂದೇ ಚೌಕದಲ್ಲಿ. ಆದ್ರೆ ನಿಮ್ಮ ಭುಜಕ್ಕೆ ಚಿಕ್ಕದೇ ಮದ್ದು.’

ಚಿಕ್ಕದರ ಮೇಲೆ ಇವಳು ಕೈಯಿಟ್ಟಳು. ಏನು ಹೊಡೆಯುವುದೆಂದು ತಿಳಿಯದೆ ಬೆರಳಿಗೆ ಬಂದದ್ದನ್ನು ಹೊಡೆದಳು: ರೋಗಿ ಪ್ರಜ್ಞೆಯಲ್ಲಿದ್ದಾರೆ, ನೋವಿಲ್ಲ, ಜ್ವರವಿಲ್ಲ. ಬೆರಳ ಕೆಳಗೆ ಕೀಲಿಗಳು ಹದವಾದ ಹಿಟ್ಟಿನ ಹಾಗೆ ತಗ್ಗಿ ಎದ್ದವು. ಮೌಸ್ ಅಲ್ಲೇ ಕೈಯ ಪಕ್ಕದಲ್ಲಿತ್ತು. ಚಾಚಬೇಕಾಗಲಿಲ್ಲ. ಎಂಟು ತಿಂಗಳಿಂದ ಕಿವಿಯ ತನಕ ಏರಿಸಿಕೊಂಡೇ ಇದ್ದ ಭುಜ ಯಾರೂ ಹೇಳದೆ ತಾನೇ ಕೆಳಗಿಳಿಯಿತು. ಅವಳ ಕಣ್ಣು ಅರೆ ಮುಚ್ಚಿತು. ಮೈ ಹೀಗೆ ಪರರ ಎದುರು ಸುಖಪಟ್ಟದ್ದಕ್ಕೆ ನಾಚಿಕೆಯಾಗಿ ಥಟ್ಟನೆ ಕೈ ತೆಗೆದಳು. ಇದು ಬೇಕು. ಇದು ತನ್ನೊಬ್ಬಳದೇ ಆಗಿ, ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಂದು ಹೋಗುವಂತಿದ್ದರೆ, ಸಂಜೆಯವಳ ಬೆರಳು ಇದರ ಮೇಲೆ ಬೀಳದಿದ್ದರೆ. ಮೂರನೆಯ ಗೆರೆ ಗಟ್ಟಿಯಾದರೆ ಬೀಳುವುದೂ ಇಲ್ಲ. ಈ ಕೊನೆಯ ಮಾತು ತಾನು ನೆನೆದದ್ದಲ್ಲ, ಯಾರೋ ಕಿವಿಯಲ್ಲಿ ಹೇಳಿದ್ದು ಎಂಬ ಹಾಗೆ ಅವಳು ಪಕ್ಕಕ್ಕೆ ತಿರುಗಿದಳು.

ಸಂಜೆಯವಳು ಚೀಲದಿಂದ ಡಬ್ಬಿಯೊಂದನ್ನು ತೆಗೆದು, ಅದರೊಳಗಿನ ಸ್ಪಿರಿಟ್ಟಿನಲ್ಲಿ ನೆಂದ ಹತ್ತಿಯಿಂದ ಕೀಲಿಗಳನ್ನು ಒರೆಸತೊಡಗಿದ್ದಳು. ಸಾಲು ಹಿಡಿದು, ಒಂದೊಂದನ್ನೂ, ಮಗುವಿನ ಕಿವಿ ಒರೆಸುವ ಹಾಗೆ. ಒರೆಸಿದ ಕೀಲಿಗಳು ಮಿರುಗಿದವು. ಅಂಗಡಿಯವನು, ‘ನನ್ನ ಅಂಗಡೀನ ಆಸ್ಪತ್ರೆ ಮಾಡ್ಬಿಟ್ರಲ್ಲಮ್ಮ,’ ಎಂದ.

‘ಕ್ಷಮಿಸಿ, ಅಭ್ಯಾಸ ಆಗಿಬಿಟ್ಟಿದೆ. ದಿನಾ ಬಂದ ತಕ್ಷಣ ಒಂದ್ಸಲ, ಹೋಗೋವಾಗ ಒಂದ್ಸಲ ಒರೆಸ್ದೆ ಇದ್ರೆ ನಂಗೆ ಆಗಲ್ಲ.’

‘ದಿನಾ ಒರೆಸ್ತೀರಾ?’ ಎಂದಳು ಇವಳು.

‘ಹೂಂ ಅಕ್ಕ. ಏನೇನೋ ಬಿದ್ದಿರುತ್ತೆ ಅಲ್ವಾ, ಬ್ರೆಡ್ಡು, ಮತ್ತೆ...’ ಸಂಜೆಯವಳು ಇವಳ ಕೈಯನ್ನು, ಕೈಯ ತುದಿಯನ್ನು, ಒಂದು ಗಳಿಗೆ ನೋಡಿ ಕಣ್ಣು ಕಿತ್ತುಕೊಂಡಳು. ‘ಧೂಳು. ನೆಲಮಹಡಿ ಅಲ್ವಾ, ಧೂಳು ಜಾಸ್ತಿ.’

ಇವಳು ಬೆರಳುಗಳನ್ನು ಅಂಗೈಯೊಳಕ್ಕೆ ಮಡಚಿಕೊಂಡಳು. ಬೆಳಿಗ್ಗೆ ಹತ್ತೂವರೆಗೆ ಡಬ್ಬಿಯಿಂದ ಬ್ರೆಡ್ಡು ತೆಗೆದು ಒಂದು ಕೈಯಲ್ಲಿ ತಿನ್ನುತ್ತ, ಪೆಡಲು ಒತ್ತಿ ಕೇಳುತ್ತ ಕೂರುವವಳು ತಾನು ಎಂಬುದು ಈಗ ತಾನೇ ಯಾರೋ ತೋರಿಸಿಕೊಟ್ಟ ಹಾಗೆ ಕಂಡಿತು. ಆರು ವರ್ಷ. ಆರು ವರ್ಷದಿಂದ ಆ ಹೆಂಗಸು ಬಂದು, ಮೂಗು ಮುರಿಯದೆ, ತನ್ನದನ್ನೆಲ್ಲ ಒರೆಸಿ ಕೂರುತ್ತಿದ್ದಾಳೆ. ಅಕ್ಕ ಎನ್ನುತ್ತಿದ್ದಾಳೆ. ಇವಳಿಗೆ ಸಿಟ್ಟು ಬಂದದ್ದು ಒರೆಸಿದವಳ ಮೇಲೆಯೇ. ಹೇಳದೆ ಒರೆಸುವವರಿಗಿಂತ ಬೈದುಬಿಡುವವರು ಎಷ್ಟೋ ವಾಸಿ.

ಸಂಜೆಯವಳು ಚಿಕ್ಕದರ ಮೇಲೆ ಕೈಯಿಟ್ಟು ಹೊಡೆದು ನೋಡಿದಳು. ಅಕ್ಷರಗಳು ಸರಾಗ ಬಿದ್ದವು. ಅಂಕಿ ಬರುತ್ತಲೇ ಅವಳ ಬಲಗೈ ತಾನಾಗಿ ಬಲಕ್ಕೆ ಜಾರಿ, ಕೀಲಿಮಣೆ ಮುಗಿದ ಜಾಗದಲ್ಲಿ, ಬರೀ ಗಾಜಿನ ಮೇಲೆ, ಮೂರು ಬೆರಳಿನಲ್ಲಿ ಟಪ್ ಟಪ್ ಟಪ್ ಎಂದು ಬಡಿಯಿತು. ಏನೂ ಬೀಳದ್ದನ್ನು ನೋಡಿ ಅವಳೇ ನಕ್ಕಳು. ‘ಇಲ್ಲಿ ಏನೂ ಇಲ್ವಲ್ಲ. ನಾನು ಇಲ್ಲಿಗೆ ಬರೋ ಮೊದಲು ಲಾರಿ ತೂಕ ಹಾಕೋ ಕಟ್ಟೆಲಿದ್ದೆ ಅಕ್ಕ, ಒಂಬತ್ತು ವರ್ಷ. ಅಲ್ಲಿ ಅಂಕಿ ಬಿಟ್ರೆ ಬೇರೆ ಏನೂ ಇಲ್ಲ. ಡ್ರೈವರುಗಳು ಹಾರ್ನ್ ಹೊಡೀತಿದ್ರೆ ಲಾರಿ ಕಡೆ ನೋಡ್ಕೊಂಡೇ ಹೊಡೀತಿದ್ದೆ. ಕೈಗೆ ಕಣ್ಣು ಬಂದುಬಿಟ್ಟಿತ್ತು.’ ಮತ್ತೆ ಕೈಯನ್ನು ಮೇಲಿನ ಸಾಲಿಗೆ ತಂದು, ಒಂದೊಂದು ಅಂಕಿಯನ್ನೂ ಬಗ್ಗಿ ಹುಡುಕಿ ಒತ್ತಿದಳು. ಕೋಲು ಕಳೆದುಕೊಂಡ ಕುರುಡಿಯ ಹಾಗೆ. ಅರ್ಧ ನಿಮಿಷ ಹಿಡಿಯಿತು ಮೂರು ಅಂಕಿಗೆ.

‘ದೊಡ್ಡದೇ ತಗೊಳ್ಳೋಣ ಬಿಡಿ,’ ಎಂದಳು ಇವಳು, ಬೇಡವೆನ್ನಲಿ ಎಂದು ಕಾಯುವ ದನಿಯಲ್ಲಿ.

‘ಬೇಡ ಅಕ್ಕ. ನೋವು ನಿಮ್ಮದು. ಮೇಲಿನ ಸಾಲು ನಾನು ಕಲೀತೀನಿ. ಕಲಿಯೋದಕ್ಕೆ ಇದ್ರೆ.’

ವಾಪಸು ಬಂದ ಮೇಲೆ ಆಸ್ಪತ್ರೆಯ ಗೇಟಿನ ಹತ್ತಿರ ಸಂಜೆಯವಳು, ‘ಡಬ್ಬಿಗೆ ಸ್ಪಿರಿಟ್ ಹಾಕಿಸ್ಕೊಂಡು, ಕೈ ತೊಳ್ಕೊಂಡು ಬರ್ತೀನಿ, ನೀವು ನಡೀರಿ,’ ಎಂದು ಬೇರೆ ಕಡೆ ಹೋದಳು. ಇವಳು ಕೋಣೆಗೆ ಬಂದು ದೀಪ ಹಾಕಿದಳು. ಎರಡಕ್ಕೆ ಹದಿನೈದು ನಿಮಿಷ ಇತ್ತು. ಕೀಲಿಮಣೆ ಮಧ್ಯಾಹ್ನ ತಾನು ಬಿಟ್ಟ ಹಾಗೆಯೇ ಇತ್ತು. ಅದರ ಮುಂದೆ ಕೂತಳು. ಬ್ರೆಡ್ಡು ನನ್ನದೇ ಇರಲಿ, ಕೂದಲು ನನ್ನದೇ ಇರಲಿ, ಎಂದುಕೊಂಡಳು, ಆ ಚುಕ್ಕಿಯ ಕೆಳಗಿರುವುದಂತೂ ಅವಳದು. ಇರಲೇಬೇಕು. ಆ ಹತ್ತಿಯ ಎಳೆ ಸಿಕ್ಕಿಕೊಂಡಿರಬೇಕು. ಒರೆಸಿ ಒರೆಸಿಯೇ ಕೆಡಿಸಿದ್ದಾಳೆ. ಹೀಗೆ ನೆನೆದಾಗ ಎದೆ ಹಗುರಾಯಿತು, ಹಗುರಾದದ್ದಕ್ಕೆ ಮತ್ತೆ ಹೇಸಿಗೆಯಾಯಿತು. ತಲೆಯಿಂದ ಪಿನ್ನು ತೆಗೆದು ಚುಕ್ಕಿಯ ಕೀಲಿಯ ಬುಡಕ್ಕೆ ತೂರಿಸಿ ಮೀಟಿದಳು. ಅದು ಹಲ್ಲಿನ ಹಾಗೆ ಅಲ್ಲಾಡಿ, ಟಕ್ಕೆಂದು ಕಿತ್ತು ಬಂತು.

ಹಳ್ಳದಲ್ಲಿ ಹತ್ತಿ ಇರಲಿಲ್ಲ. ಉಗುರಿನ ಒಂದು ಚೂರಿತ್ತು. ಬಿದಿಗೆಯ ಚಂದ್ರನ ಹಾಗೆ ಬಾಗಿದ್ದು, ಒಂದು ಅಂಚು ಕತ್ತರಿಸಿದ್ದಲ್ಲ, ಕಚ್ಚಿ ಸೀಳಿದ್ದು, ಹಲ್ಲಿನ ಗುರುತು ಸಮೇತ. ಎಂಜಲಿನಲ್ಲಿ ನೆನೆದು ಮೆತ್ತಗಾಗಿ ಬಿದ್ದು, ಅಲ್ಲೇ ಒಣಗಿ ಅಂಟಿಕೊಂಡಿತ್ತು. ಪಿನ್ನಿನ ತುದಿಯಿಂದ ಎಬ್ಬಿಸಿ ಅಂಗೈ ಮೇಲೆ ಹಾಕಿಕೊಂಡಳು. ಹಳದಿಯಾದ ಎಣ್ಣೆಯ ಪೊರೆ ಅದರ ಮೇಲೆ ಹೊಳೆಯುತ್ತಿತ್ತು. ತನ್ನ ಮೈಯಿಂದ ಬಂದದ್ದು ಇಷ್ಟು ಪರಕೀಯವಾಗಿ, ಸತ್ತ ಹುಳದ ಕಾಲಿನ ಹಾಗೆ ಕಾಣಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಎಲ್ಲಿ ಹಾಕುವುದೆಂದು ತಿಳಿಯದೆ, ಹುಟ್ಟಿದಾಗಿನಿಂದ ಕೈಗೆ ಗೊತ್ತಿದ್ದ ಒಂದೇ ಜಾಗಕ್ಕೆ ಹಾಕಿದಳು. ಬಾಯಿಗೆ. ಕಹಿ ನಾಲಿಗೆಯ ತುಂಬ ಹರಡಿತು.

ಗೆರೆ ಸಾಹೇಬರು ಪಟ್ಟಿ ಹಿಡಿದುಕೊಂಡು ಒಳಗೆ ಬಂದರು. ಕಿವಿಯ ಮೇಲೆ ಕೆಂಪು ಪೆನ್ನು ಸಿಕ್ಕಿಸಿದ್ದರು. ‘ಯಾವುದು ಆರಿಸಿದ್ರಿ?’

‘ದೊಡ್ಡದು,’ ಎಂದಳು, ಚೂರನ್ನು ಕೆನ್ನೆಯ ಮೂಲೆಗೆ ಸರಿಸಿಕೊಂಡು. ಅಂಕಿಗಳ ಚೌಕವನ್ನಾದರೂ ಕೊಟ್ಟುಬಿಡುತ್ತೇನೆ, ಭುಜ ನೋಯಲಿ, ಇಷ್ಟಕ್ಕೆ ತೀರಲಿ ಎಂದು.

‘ದೊಡ್ಡದು ಯಾರಿಗೆ? ಮುಂದಿನ ತಿಂಗಳಿಂದ ನೀವೊಬ್ಬರೇ ಅಂತಿಟ್ಕೊಳ್ಳಿ, ಹೊಸಬರು ಬರೋ ತನಕ. ಈಗ ಇದನ್ನ ಗಟ್ಟಿ ಮಾಡಿ ಕಳಿಸ್ತಿದೀನಿ.’ ಅವರು ಪೆನ್ನು ತೆಗೆದರು. ‘ಪಾಪ ಅನ್ಸುತ್ತೆ. ಆದ್ರೆ ಔಷಧಿ ವಿಷಯ, ನಾನೇನು ಮಾಡ್ಲಿ.’

‘ಸಾರ್, ಈ ಚುಕ್ಕಿ ಕೀ ಅಂಟ್ತಿತ್ತು.’ ಕಿತ್ತಿಟ್ಟಿದ್ದ ಕೀಲಿಯನ್ನು ತೋರಿಸಿದಳು. ‘ವಾರದಿಂದ ಅಂಟ್ತಿತ್ತು. ಅದಕ್ಕೇ ಆಗಿರುತ್ತೆ. ಅವರ ತಪ್ಪಲ್ಲ.’ ಹೇಳಿ ಮುಗಿಸಿದಾಗ ತನ್ನ ದೊಡ್ಡ ಮನಸ್ಸಿಗೆ ತಾನೇ ಬೆರಗಾದಳು. ಸುಳ್ಳು ಒಂದೂ ಇರಲಿಲ್ಲ ಅದರಲ್ಲಿ.

ಸಂಜೆಯವಳು ಒದ್ದೆ ಕೈ ಒರೆಸಿಕೊಳ್ಳುತ್ತ ಆಗಲೇ ಬಾಗಿಲಿಗೆ ಬಂದಿದ್ದಳು. ‘ಯಾವ ಚುಕ್ಕಿ ಅಕ್ಕ?’ ಎಂದು ಹತ್ತಿರ ಬಂದು ನೋಡಿದಳು. ‘ಇದಾ? ಇದು ವಾಕ್ಯ ಮುಗಿಸೋಕೆ ಹೊಡೀತೀನಿ, ಅಂಟಿದಾಗ ಗೊತ್ತಾಗಿ ಮತ್ತೆ ಒತ್ತುತ್ತಿದ್ದೆ. ಅಂಕಿಗೆ ನಾನು ಇದನ್ನ ಮುಟ್ಟೋದೇ ಇಲ್ಲ ಸಾರ್.’ ಅವಳ ಬಲಗೈ ಬಲಗಡೆಯ ಚೌಕಕ್ಕೆ ಹೋಗಿ, ನೋಡದೆಯೇ ಎರಡು, ಚುಕ್ಕಿ, ಐದು ಎಂದು ಒತ್ತಿತು. ತೆರೆಯ ಮೇಲೆ ಮೂರೂ ಸ್ಪಷ್ಟವಾಗಿ ಬಿದ್ದವು. ‘ನನ್ನ ಚುಕ್ಕಿ ಇದು. ಇದು ಯಾವತ್ತೂ ಅಂಟಿಲ್ಲ.’

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಕೈ ಅಲ್ಲೇ ನಿಂತಿತು. ಮೇ ಹನ್ನೆರಡೋ ಹದಿಮೂರೋ, ಅತ್ತೆಯ ಕಣ್ಣಿನ ಪಟ್ಟಿ, ಫೋನು, ಐದೇ ನಿಮಿಷ. ಅವಳು ಒಂದೊಂದಾಗಿ ಎಣಿಸುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

‘ಅಂದ್ರೆ?’ ಎಂದರು ಗೆರೆ ಸಾಹೇಬರು. ‘ಆ ದಿನ ಕೈಬದಲು ಏನಾದ್ರೂ ಆಗಿತ್ತಾ?’

ಸಂಜೆಯವಳು ಇವಳ ಕಡೆ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಕೇಳುವುದೂ ಇರಲಿಲ್ಲ. ‘ನಂಗೆ ನೆನಪಿಲ್ಲ ಸಾರ್,’ ಎಂದಳು.

ಬಾಯಿ ಬಿಡಬೇಕಾದರೆ ಮೊದಲು ಬಾಯಲ್ಲಿದ್ದದ್ದನ್ನು ಏನಾದರೂ ಮಾಡಬೇಕಿತ್ತು. ಇವಳು ನುಂಗಿದಳು. ಅದು ಅಡ್ಡ ತಿರುಗಿ, ಗಂಟಲನ್ನು ಉದ್ದಕ್ಕೂ ಗೀರಿಕೊಂಡು ಇಳಿಯಿತು.

‘ಅದು ನಾನು ಹೊಡೆದದ್ದು,’ ಎಂದಳು.

ಗೆರೆ ಸಾಹೇಬರು ಅವಳನ್ನೂ ಪಟ್ಟಿಯನ್ನೂ ನೋಡಿದರು. ಜೇಬಿನಿಂದ ರಬ್ಬರು ತೆಗೆದು ಪೆನ್ಸಿಲಿನ ಗೆರೆಯನ್ನು ಅಳಿಸಿ, ಪುಡಿಯನ್ನು ಕೈಯಿಂದ ಮೇಜಿನ ಮೇಲೆ ಕೊಡವಿದರು. ಮೇಲಿನ ಸಾಲಿನಲ್ಲಿ, ಇವಳ ಹೆಸರಿನ ಮುಂದೆ, ಒಂದು ಕೆಂಪು ಗೆರೆ ಎಳೆದರು. ‘ಆರು ವರ್ಷದಲ್ಲಿ ನಿಮ್ಮದು ಮೊದಲನೇದು,’ ಎಂದರು. ‘ಒಂದಕ್ಕೆ ಏನೂ ಆಗಲ್ಲ. ಮೊದಲೇ ಹೇಳಬಾರದಿತ್ತಾ? ಸುಮ್ಮನೆ ಒಂಬತ್ತು ದಿನ.’

ಏನೂ ಆಗಲ್ಲ. ಅಷ್ಟೇ ಇದ್ದದ್ದು. ಅಷ್ಟು ಚಿಕ್ಕ ಗೆರೆಯನ್ನು ಉಳಿಸಿಕೊಳ್ಳಲು ಅವಳು ಒಂದು ಕಣ್ಣನ್ನು, ಒಂದು ಮನೆಯನ್ನು ತಣ್ಣಗೆ ಒತ್ತೆಯಿಟ್ಟಿದ್ದಳು. ದೊಡ್ಡ ಭಯವಿದ್ದು ಸುಮ್ಮನಿದ್ದಿದ್ದರೆ ಆ ಭಯದ ಮರೆಯಲ್ಲಾದರೂ ನಿಲ್ಲಬಹುದಿತ್ತು.

‘ಹಾಗಾದ್ರೆ ಕೀಬೋರ್ಡು ದೊಡ್ಡದು ಅಂತಲೇ ಬರೆಯಲಾ? ಇಬ್ಬರಿಗೂ ಆಗುತ್ತೆ,’ ಎಂದರು ಗೆರೆ ಸಾಹೇಬರು.

‘ಬೇಡ ಸಾರ್,’ ಎಂದಳು ಸಂಜೆಯವಳು. ಡಬ್ಬಿ ತೆರೆದು ಹತ್ತಿ ತೆಗೆದಿದ್ದಳು. ‘ಚಿಕ್ಕದೇ ಬರೀರಿ. ಅವರಿಗೆ. ಈ ಹಳೇದು ನಂಗಿರಲಿ. ಒರೆಸಿ, ಹೋಗೋವಾಗ ಬೀರುವಲ್ಲಿಟ್ಟು ಬೀಗ ಹಾಕ್ಕೊಂಡು ಹೋಗ್ತೀನಿ. ಇನ್ಯಾರೂ ಮುಟ್ಟೋದು ಬೇಡ.’

ಗೆರೆ ಸಾಹೇಬರು ಇಬ್ಬರ ಮುಖ ನೋಡಿ, ಬರೆದುಕೊಂಡು ಹೊರಟುಹೋದರು. ಸಂಜೆಯವಳು ಮೇಜಿನ ಹತ್ತಿರ ನಿಂತು ಕಾಯುತ್ತಿದ್ದಳು. ಇವಳು ಕೂತೇ ಇದ್ದಳು.

‘ಏಳ್ತೀರಾ?’ ಎಂದಳು. ‘ನನ್ನ ಹೊತ್ತಾಯ್ತು.’

ಅಕ್ಕ ಎನ್ನಲಿಲ್ಲ. ಇವಳು ಎದ್ದು ಚೀಲ ತೆಗೆದುಕೊಂಡಳು. ಸಂಜೆಯವಳು ಕುರ್ಚಿಯನ್ನು ತಗ್ಗಿಸಿ, ರಬ್ಬರಿನ ಪುಡಿಯನ್ನು ಗುಡಿಸಿ, ಚುಕ್ಕಿಯ ಕೀಲಿಯನ್ನು ಹತ್ತಿಯಲ್ಲಿ ತಿರುಗಿಸಿ ತಿರುಗಿಸಿ ಒರೆಸಿ, ಅದರ ಜಾಗಕ್ಕೆ ಒತ್ತಿ ಕೂರಿಸಿದಳು. ಆಮೇಲೆ ಮೊದಲ ಸಾಲಿನ ಮೊದಲ ಕೀಲಿಯಿಂದ ಶುರುಮಾಡಿದಳು. ಹತ್ತಿ ಬೂದಾಯಿತು, ಕಪ್ಪಾಯಿತು. ಅದನ್ನು ಬುಟ್ಟಿಗೆ ಹಾಕಿ ಹೊಸದು ತೆಗೆದಳು. ಇನ್ನು ನಾಲ್ಕು ದಿನಕ್ಕೆ ಚಿಕ್ಕದು ಬರುತ್ತದೆ. ಮೆತ್ತಗಿನದು, ಸದ್ದಿಲ್ಲದ್ದು, ಇವಳೊಬ್ಬಳದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇವಳ ಕಿರುಬೆರಳು ಆಗಲೇ ಹಲ್ಲಿನ ನಡುವೆ ಇತ್ತು.